ಒಂದು ಗಂಟು ಕಡಿಮೆ

ಊಟೆಗೆರೆ, ಜಯಮಂಗಲಿ ಕಣಿವೆ
ಕಣಿವೆಕೂಟದ ತೊಂಬತ್ತೆರಡನೆಯ ವರ್ಷ, ಮಾರ್ಗಶಿರ ಹುಣ್ಣಿಮೆ, ಮಧ್ಯಾಹ್ನ
(ನಿಮ್ಮ ಲೆಕ್ಕದಲ್ಲಿ ೨೧೯೩ನೆಯ ಇಸವಿ)

ನಮಗಿಂತ ಮೊದಲು ಈ ನೀರು ಕುಡಿದ ಹಿರಿಯರಿಗೆ, ಊಟೆಗೆರೆಯ ನೀರುಗಂಟಿ ಮುದ್ದೀರಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ತಲೆ ಕೆರೆದುಕೊಳ್ಳಬೇಡಿ, ಕೈತಪ್ಪಿ ಬರೆದದ್ದಲ್ಲ. ನಾನು ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲದವಳು. ಈ ಓಲೆಯಲ್ಲಿ ನಿಮಗೆ ಪರಿಚಯವಿಲ್ಲದ ಕೆಲವು ಮಾತುಗಳು ಬರುತ್ತವೆ. ದೊಡ್ಡಸ್ತಿಕೆಗೆ ಬಳಸಿದ್ದಲ್ಲ, ನಾವು ಮಾಡುವ ಕೆಲವು ಕೆಲಸಗಳಿಗೆ ನಿಮ್ಮ ಕಾಲದಲ್ಲಿ ಹೆಸರೇ ಇರಲಿಲ್ಲ. ಬಂದಲ್ಲಿಯೇ ಅರ್ಥ ಹೇಳುತ್ತೇನೆ, ಸುಧಾರಿಸಿಕೊಂಡು ಓದಿ. ಅಕ್ಷರ ಅಲ್ಲಲ್ಲಿ ಸೊಟ್ಟಗಾಗಿದ್ದರೆ ಅದಕ್ಕೂ ಕ್ಷಮೆಯಿರಲಿ. ಒಂದು ಕಿವಿಯನ್ನು ಹೊರಗಿಟ್ಟುಕೊಂಡು ಬರೆಯುತ್ತಿದ್ದೇನೆ. ಯಾವ ಗಳಿಗೆಯಲ್ಲಾದರೂ ತಮಟೆ ಕೇಳಬಹುದು.

ನೀರುಗಂಟಿಯೆಂದರೆ ನಿಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಕೆರೆಯ ತೂಬು ತೆಗೆದು ಹೊಲಗದ್ದೆಗಳಿಗೆ ನೀರು ಹಂಚುವವನು. ನಡುವೆ ಕೆರೆಯೂ ಒಣಗಿ ಹೆಸರೂ ಒಣಗಿತ್ತು, ನಾವು ಎರಡನ್ನೂ ಮತ್ತೆ ಎತ್ತಿಕೊಂಡೆವು. ನೀರುಗಂಟಿಯಾದವರು ಜೀವಮಾನದಲ್ಲಿ ಒಮ್ಮೆ ಹಿಂದಿನವರಿಗೆ ಒಂದು ಓಲೆ ಬರೆಯಬೇಕೆಂಬುದು ನಮ್ಮ ಪದ್ಧತಿ. ಅದಕ್ಕೆ ಹಿಂದೋಲೆ ಎನ್ನುತ್ತೇವೆ. ಬರೆದು ಊರಬಾವಿಯ ಏಳನೆಯ ಮೆಟ್ಟಿಲಿನ ಎಡಕ್ಕಿರುವ ಕಲ್ಲುಗೂಡಿನಲ್ಲಿ ಇಡುತ್ತೇವೆ. ಈ ಬಾವಿ ನಿಮ್ಮ ಕಾಲದಲ್ಲೂ ಇತ್ತು. ನೀವು ಅದಕ್ಕೆ ಕಸ ತುಂಬಿದ್ದಿರಿ. ಹೂಳೆತ್ತಿದವರಿಗೆ ಶಾಂಪೂ ಪೊಟ್ಟಣಗಳು, ಒಂಟಿ ಚಪ್ಪಲಿಗಳು, ಗಾಜೊಡೆದ ದೇವರ ಪಟಗಳು ಮತ್ತು ಒಂದು ಸ್ಕೂಟರಿನ ಚಕ್ರ ಸಿಕ್ಕಿದ್ದವಂತೆ. ಓಲೆ ನಿಮ್ಮನ್ನು ಮುಟ್ಟುತ್ತದೋ ಇಲ್ಲವೋ ಯಾರೂ ಕಂಡಿಲ್ಲ. ಉತ್ತರವಂತೂ ಈವರೆಗೆ ಬಂದಿಲ್ಲ. ಸಾಮಾನ್ಯವಾಗಿ ಹಿಂದೋಲೆಗಳಲ್ಲಿ ಬೈಗುಳವೇ ಹೆಚ್ಚಿರುತ್ತದೆ. ನಾನು ಬೈಯಲು ಕೂತಿಲ್ಲ. ಇವತ್ತು ನನಗೆ ಅಷ್ಟು ಖುಷಿ, ಅದಕ್ಕಿಂತ ಹೆಚ್ಚು ಭಯ.

ವಿಷಯ ಇಷ್ಟೇ. ಒಂಬತ್ತು ದಿನದ ಹಿಂದೆ ಬಿಟ್ಟ ನೀರು ಇವತ್ತು ಸಂಜೆಯೊಳಗೆ ಕಲ್ಲುಮರಡಿ ಎಂಬ ಊರನ್ನು ಮುಟ್ಟಬೇಕು. ಮುಟ್ಟದಿದ್ದರೆ ನಾಳೆ ಬೆಳಿಗ್ಗೆ ಆ ಊರಿನವರು ಕೂಟ ಬಿಟ್ಟು ಹೊರಗೆ ಹೋಗಿ, ನೆಲಕ್ಕೆ ಕೊಳವೆ ಇಳಿಸುತ್ತಾರೆ.

ಕೊಳವೆಬಾವಿ ಎಂದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೂರೊಂದರಲ್ಲೇ ನಿಮ್ಮವು ಇನ್ನೂರ ಹದಿನೇಳು ಸಿಕ್ಕಿವೆ. ಒಂದೊಂದರ ಬಾಯಿಗೂ ಒಂದು ಚಪ್ಪಡಿ ಮುಚ್ಚಿದೆ, ಮಕ್ಕಳು ಅವುಗಳ ಮೇಲೆ ಕುಂಟೆಬಿಲ್ಲೆ ಆಡುತ್ತವೆ. ತೊಂಬತ್ತೆರಡು ವರ್ಷದಿಂದ ಈ ಕಣಿವೆಯಲ್ಲಿ ಯಾರೂ ಹೊಸದೊಂದನ್ನು ಕೊರೆದಿಲ್ಲ. ದೇವರಾಯನದುರ್ಗದ ಬಂಡೆಗಳಿಂದ ಇಳಿದು ಪಿನಾಕಿನಿಯನ್ನು ಸೇರುವ ಜಯಮಂಗಲಿಯ ಉದ್ದಕ್ಕೂ ಇರುವ ಮೂವತ್ತೆರಡು ಊರುಗಳು ಕೂಡಿ ಮಾಡಿಕೊಂಡ ಮಾತು ಅದು. ಆ ಒಪ್ಪಂದವೇ ಕಣಿವೆಕೂಟ. ಮಳೆ ಎಲ್ಲಿ ಬಿದ್ದರೂ ಅದು ಮೂವತ್ತೆರಡು ಊರಿನ ಮಳೆ. ತಲೆಯ ಊರು ನಮ್ಮ ಊಟೆಗೆರೆ, ಬಾಲದ ಊರು ಕಲ್ಲುಮರಡಿ. ಬಾಲದವರು ಒಂದು ಕೊಳವೆ ಇಳಿಸಿದರೆ ಪಕ್ಕದವರು ಸುಮ್ಮನಿರುವುದಿಲ್ಲ, ಅವರ ಪಕ್ಕದವರೂ ಸುಮ್ಮನಿರುವುದಿಲ್ಲ. ಹತ್ತು ವರ್ಷದಲ್ಲಿ ನಾವು ನೀವಾಗುತ್ತೇವೆ. ತಪ್ಪು ತಿಳಿಯಬೇಡಿ.

ನಾವು ಹೇಗೆ ಬದುಕುತ್ತೇವೆಂದು ಸ್ವಲ್ಪ ಹೇಳುತ್ತೇನೆ, ಇಲ್ಲವಾದರೆ ಮುಂದಿನ ಕತೆ ನಿಮಗೆ ಹಿಡಿಯುವುದಿಲ್ಲ. ಗುಡ್ಡಗಳ ಮೇಲೆ ಹುಲ್ಲು ಆಳೆತ್ತರ ಬೆಳೆದಿದೆ, ಕುರಿಗಳು ಸರದಿಯಂತೆ ಗುಡ್ಡ ಬದಲಾಯಿಸುತ್ತವೆ. ಹೊಳೆಯ ದಂಡೆಯಲ್ಲಿ ಹೊಂಗೆ, ಹೊಳೆಮತ್ತಿ, ಲಕ್ಕಿಗಿಡ. ಹೊಳೆಯ ಮರಳನ್ನು ಬೊಗಸೆಯಷ್ಟೂ ಎತ್ತುವಂತಿಲ್ಲ, ಅದು ನಮ್ಮ ತೊಟ್ಟಿ. ಮಳೆನೀರು ಅದರೊಳಗೆ ತಣ್ಣಗೆ ಕೂತಿರುತ್ತದೆ, ಬಿಸಿಲು ಕದಿಯಲಾರದು. ಕೆರೆಗಳ ಮೇಲೆ ಬಿಸಿಲುಹಲಗೆಗಳ ಚಪ್ಪರ ಹಾಕಿದ್ದೇವೆ. ಮೇಲೆ ಬಿಸಿಲಿನಿಂದ ಕರೆಂಟು ಹುಟ್ಟುತ್ತದೆ, ಕೆಳಗೆ ನೀರು ಆರುವುದಿಲ್ಲ. ಅಂಥ ಕೆರೆಗೆ ನೆರಳ್ಗೆರೆ ಎಂದು ಹೆಸರು. ಬಚ್ಚಲಿನ ನೀರು ಹಿತ್ತಲಿನ ಬಾಳೆಗೆ ಹೋಗುತ್ತದೆ, ಬಾಳೆ ಬುಡದಿಂದ ನೆಲಕ್ಕೆ. ಭತ್ತ ಬೆಳೆಯುವುದು ಹಬ್ಬಕ್ಕೆ ಬೇಕಾದಷ್ಟು, ಉಳಿದದ್ದೆಲ್ಲ ರಾಗಿ, ನವಣೆ, ಅವರೆ, ಹುರುಳಿ. ಮನೆಗೆ ಬಂದ ಅಪರಿಚಿತರಿಗೂ ಮೊದಲು ಕೇಳುವ ಮಾತು ‘ನಿಮ್ಮೂರ ಬಾವಿ ಹೆಂಗೈತೆ?’ ಎಂದೇ. ಆರೋಗ್ಯ ಕೇಳುವುದು ಆಮೇಲೆ.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದು ಕಾರ್ತಿಕದ ಹುಣ್ಣಿಮೆ ಕಳೆದ ಮೇಲೆ, ಹದಿನೈದು ದಿನ ಬಾವಿಗಳ ಅಳತೆ ನಡೆಯುತ್ತದೆ. ಮೊಳಕ್ಕೊಂದು ಗಂಟು ಹಾಕಿದ ನೂಲಿನ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಯ ತಳದವರೆಗೆ ಬಿಡುತ್ತೇವೆ, ಎಳೆದು ನೆನೆದ ಗಂಟುಗಳನ್ನು ಎಣಿಸುತ್ತೇವೆ. ಅದೇ ಗಂಟುಹಗ್ಗ. ನಿಮಗೆ ನಗು ಬರಬಹುದು. ಕೂಟ ಕಟ್ಟುವ ಮೊದಲು ನಮ್ಮಲ್ಲೂ ಯಂತ್ರಗಳಿದ್ದವು. ಅವರವರ ಯಂತ್ರ ಅವರವರ ಪರವಾಗಿ ಸಾಕ್ಷಿ ಹೇಳತೊಡಗಿದ ಮೇಲೆ ಬಿಟ್ಟೆವು. ಹದಿನೆಂಟು ಗಂಟಿಗಿಂತ ಹೆಚ್ಚು ನೆನೆದರೆ ಆ ಊರು ತನ್ನ ಕೆರೆಯ ತೂಬು ತೆಗೆದು ಕೆಳಗಿನವರಿಗಾಗಿ ಹೊಳೆಗೆ ನೀರು ಬಿಡಬೇಕು. ಹದಿನೆಂಟೋ ಅದಕ್ಕಿಂತ ಕಡಿಮೆಯೋ ಇದ್ದರೆ ಬಿಡಬೇಕಾಗಿಲ್ಲ. ತನ್ನ ಊರಿನ ಬಾವಿಯನ್ನು ತಾನೇ ಅಳೆಯುವಂತಿಲ್ಲ. ತಲೆಯ ಊರಿನ ಬಾವಿಗೆ ಬಾಲದ ಊರಿನವರು, ಬಾಲದ ಊರಿಗೆ ತಲೆಯವರು, ಹೀಗೆ ಊರಿಗೆ ಊರು ಜೋಡಿ. ಅಳೆಯಲು ಬಂದವರು ನೀರುಗಂಟಿಯ ಮನೆಯಲ್ಲೇ ಉಂಡು ಮಲಗುತ್ತಾರೆ. ಅವರನ್ನು ಅಳತೆನೆಂಟ ಎಂದು ಕರೆಯುತ್ತೇವೆ. ಮೊದಲು ಪ್ರತಿವರ್ಷ ಚೀಟಿ ಎತ್ತಿ ಅಳೆಯುವವರನ್ನು ಬದಲಾಯಿಸುತ್ತಿದ್ದರು. ಹನ್ನೊಂದು ವರ್ಷದ ಹಿಂದೆ, ಸ್ನೇಹ ಬೆಳೆಯಲಿ ಎಂದು, ಅವರನ್ನೇ ಕಾಯಂ ಮಾಡಿದೆವು. ಸ್ನೇಹವೇನೋ ಚೆನ್ನಾಗಿಯೇ ಬೆಳೆಯಿತು.

ನನ್ನ ಅಳತೆನೆಂಟ ಕಲ್ಲುಮರಡಿಯ ಕದಿರಪ್ಪ. ನಲವತ್ತರ ಆಸುಪಾಸು, ಮಾತು ಕಡಿಮೆ, ಊಟ ಜಾಸ್ತಿ. ಅವನು ಬರುವುದು ಸರಿಯಾಗಿ ಅವರೆಕಾಯಿ ಕಾಲಕ್ಕೆ. ನಾನು ಹಿತಕಿದ ಬೇಳೆ ಸಾರು ಮಾಡಿದ ದಿನ ಅವನು ಎಷ್ಟನೆಯ ಮುದ್ದೆ ನುಂಗುತ್ತಿದ್ದಾನೆಂದು ನಾನು ಎಣಿಸುವುದಿಲ್ಲ, ಎಣಿಸಿದರೆ ದೃಷ್ಟಿಯಾದೀತು. ಅಳತೆ ಮುಗಿದು ಅವನು ಹೊರಟ ಮೇಲೆ ನಾನು ಅವನೂರಿಗೆ ಹೋಗಿ ಅಲ್ಲಿನ ಬಾವಿಗಳನ್ನು ಅಳೆದು ಬರುತ್ತೇನೆ. ಈ ಹನ್ನೊಂದು ವರ್ಷದಲ್ಲಿ ಮಳೆ ಒಂದು ಸಲವೂ ಪೂರ್ತಿ ಕೈಕೊಟ್ಟಿಲ್ಲ. ಆದರೂ ಬಿಟ್ಟ ನೀರು ಇಪ್ಪತ್ತೈದನೆಯ ಊರನ್ನು ದಾಟಿ ಕೆಳಗೆ ಹೋಗುತ್ತಿರಲಿಲ್ಲ. ಬಹುಪಾಲು ಊರುಗಳ ಅಳತೆ ಹದಿನೆಂಟರ ಹೊಸ್ತಿಲಲ್ಲಿ ನಿಂತುಬಿಡುತ್ತಿತ್ತು. ನೆಲವೇ ಮುನಿಸಿಕೊಂಡಿದೆ ಎಂದರು ಕೆಲವರು. ಕಲ್ಲುಮರಡಿಯವರು ತಾಳಿದರು, ತಾಳಿದರು, ಹೋದ ಯುಗಾದಿಯ ಕೂಟದಲ್ಲಿ ಎದ್ದು ನಿಂತು, ಮಾರ್ಗಶಿರ ಹುಣ್ಣಿಮೆಯವರೆಗೆ ಕಾಯುತ್ತೇವೆ, ಆಮೇಲೆ ನಮ್ಮ ದಾರಿ ನಮಗೆ ಎಂದು ಹೇಳಿಬಿಟ್ಟರು. ಹಾಗೆ ಹೇಳುವಾಗ ಕದಿರಪ್ಪ ತಲೆ ತಗ್ಗಿಸಿ ಕೂತಿದ್ದ. ನನಗೆ ಆ ದಿನ ಊಟ ಸೇರಲಿಲ್ಲ.

ಈ ವರ್ಷ ಅಳತೆಯ ಐದನೆಯ ದಿನ ಕದಿರಪ್ಪ ಬಾವಿಯ ಮೆಟ್ಟಿಲಿನ ಪಾಚಿಯಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡ. ಹೀಗಾದರೆ ಪಕ್ಕದ ಊರಿಗೆ ಹೇಳಿಕಳಿಸಿ ಬೇರೆ ಅಳತೆನೆಂಟನನ್ನು ಕರೆಸಬೇಕು. ಅದು ಕಟ್ಟಳೆ. ಅವನನ್ನು ಜಗಲಿಯ ಮೇಲೆ ಮಲಗಿಸಿ, ಕಾಲಿಗೆ ಉಪ್ಪು ಹುಣಸೆಹಣ್ಣಿನ ಪಟ್ಟು ಹಾಕಿ, ಬಾವಿಯ ಬಳಿ ಬಿದ್ದಿದ್ದ ಹಗ್ಗ ತರಲು ನಾನೊಬ್ಬಳೇ ಹೋದೆ. ಹಗ್ಗ ಕೈಯಲ್ಲಿತ್ತು, ಬಾವಿ ಕಾಲ ಬುಡದಲ್ಲಿತ್ತು, ಸುತ್ತ ಯಾರೂ ಇರಲಿಲ್ಲ. ನನ್ನೂರ ಬಾವಿಗೆ ನಾನು ಹಗ್ಗ ಬಿಡುವುದು ತಪ್ಪೆಂದು ಗೊತ್ತಿದ್ದೂ ಬಿಟ್ಟೆ. ಹಿಂದಿನ ದಿನ ಕದಿರಪ್ಪ ಹದಿನೆಂಟು ಎಂದು ಕೂಗಿದ್ದ. ನಾನು ಎಣಿಸಿದರೆ ಹತ್ತೊಂಬತ್ತು. ಮಳೆ ಬಂದಿರಲಿಲ್ಲ. ಮೂರು ಸಲ ಎಣಿಸಿದೆ, ಹತ್ತೊಂಬತ್ತೇ. ಊರಿನ ಇನ್ನೆರಡು ಬಾವಿಗಳಿಗೂ ಓಡಿದೆ. ಅಲ್ಲಿಯೂ ಒಂದೊಂದು ಗಂಟು ಹೆಚ್ಚು.

ಜಗಲಿಗೆ ಬಂದು ನೆನೆದ ಹಗ್ಗವನ್ನು ಅವನ ಮುಂದೆ ಇಟ್ಟೆ. "ಕದಿರಪ್ಪ, ಇದೇನಪ್ಪಾ?" ಎಂದೆ. ಅವನು ಹಗ್ಗ ನೋಡಿದ, ತನ್ನ ಕಾಲು ನೋಡಿಕೊಂಡ, ಮಾಡಿನ ಹೆಂಚು ನೋಡಿದ.

"ಎಷ್ಟು ವರ್ಷದಿಂದ?"

"ಮೊದಲ್ನೇ ವರ್ಷದಿಂದ್ಲೂವೆ ಕಣಕ್ಕ," ಎಂದ. "ಹದಿನೈದು ದಿನ ನಿಮ್ಮನೇಲಿ ಉಣ್ತೀನಿ. ಕೈಯಾರ ಬಡಿಸ್ತೀಯ. ಎದ್ದು ಹೋಗಿ ನಿಮ್ಮೂರ ನೀರು ಬಿಡಿ ಅಂತ ಎಂಗೆ ಹೇಳ್ಲಿ? ಒಂದು ಗಂಟು ಕಮ್ಮಿ ಹೇಳಿದ್ರೆ ನಿಮಗೇ ಉಳೀತದಲ್ಲ ಅಂತ..."

"ಅಯ್ಯೋ ಬಡ್ಡೆತ್ತದೇ! ಆ ನೀರು ಹೋಗಬೇಕಾಗಿದ್ದು ನಿಮ್ಮೂರಿಗೇ ಅಲ್ವೇನೋ!"

"ಅದು ಗೊತ್ತು ಕಣಕ್ಕ. ಒಂದೂರಿನ ಒಂದು ಗಂಟಲ್ವಾ, ಏನಾದಾತು ಅಂತಿದ್ದೆ."

ನನಗೆ ಸಿಟ್ಟು ನೆತ್ತಿಗೇರಬೇಕಿತ್ತು. ಏರಲಿಲ್ಲ. ಯಾಕೆಂದರೆ, ಹಿರಿಯರೇ, ಈಗ ನಾಚಿಕೆ ಬಿಟ್ಟು ಬರೆಯುತ್ತೇನೆ, ನಾನೂ ಅದನ್ನೇ ಮಾಡುತ್ತಿದ್ದೆ. ಕಲ್ಲುಮರಡಿಯ ಬಾವಿಗಳಿಗೆ ಇಳಿದಾಗ ನನ್ನ ಕರುಳು ಚುರ್ರೆನ್ನುತ್ತಿತ್ತು. ಕದಿರಪ್ಪನ ಹೆಂಡತಿ ನನ್ನ ತಲೆಗೆ ಎಣ್ಣೆಯೊತ್ತಿ ನೀರು ಹಾಕುತ್ತಿದ್ದಳು. ಅವರಿಗೆ ಇನ್ನಷ್ಟು ಕಷ್ಟವಿದೆ ಎಂದು ಕೂಟಕ್ಕೆ ಗೊತ್ತಾದರೆ ಒಳ್ಳೆಯದಾಗುತ್ತದೆಂದು ನಾನೂ ಒಂದು ಗಂಟು ನುಂಗುತ್ತಿದ್ದೆ. ಮೇಲಿನವರ ಬಳಿ ಬಿಡಲು ನೀರೇ ಇಲ್ಲವೆಂದು ಬರೆದಿರುವಾಗ ಅದರಿಂದ ಯಾರಿಗೂ ಒಂದು ಹನಿಯೂ ಸಿಗುತ್ತಿರಲಿಲ್ಲ. ಇದನ್ನು ಹೇಳಿದೆ. ಕದಿರಪ್ಪ ನನ್ನನ್ನು ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತ ನನಗೆ ಅಳು ಬಂತು. ಹನ್ನೊಂದು ವರ್ಷ ಆ ಊರಿನ ಹೊಲಗಳು ಒಂದು ಬೆಳೆಗೆ ನಿಂತಿದ್ದವು, ಕಾರಣ ನನ್ನ ಸಾರು.

ನಗು ನಿಂತ ಮೇಲೆ ಒಂದು ಯೋಚನೆ ಬಂತು. ನಾವಿಬ್ಬರು ಮಾಡಿದ್ದನ್ನು ಉಳಿದವರು ಮಾಡಿಲ್ಲವೆಂದು ಏನು ಗ್ಯಾರಂಟಿ? ಆ ಸಂಜೆಯೇ ತಮಟೆ ಹೊಡೆಸಿ ಎಲ್ಲ ನೀರುಗಂಟಿಗಳನ್ನೂ ಅಳತೆನೆಂಟರನ್ನೂ ನಡುಕಣಿವೆಯ ಅರಳಿಕಟ್ಟೆಗೆ ಕರೆಸಿದೆ. ಮೊದಲು ನನ್ನ ತಪ್ಪನ್ನು ನಾನೇ ಎದ್ದುನಿಂತು ಹೇಳಿದೆ. ನೀರುಗಂಟಿಯ ಕೋಲನ್ನು ಅಲ್ಲಿಯೇ ಕಸಿದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಒಂಬತ್ತನೆಯ ಊರಿನ ಅಜ್ಜಿಯೊಬ್ಬಳು ಕೆಮ್ಮಿ, "ನಂದೂ ಒಂದು ಗಂಟು ಐತೆ ಕಣವ್ವ," ಎಂದಳು. ಅಷ್ಟೇ ಸಾಕಾಯಿತು. ಒಬ್ಬರ ಹಿಂದೊಬ್ಬರು ಏಳತೊಡಗಿದರು. ಉಂಡದ್ದಕ್ಕೆ ಒಬ್ಬ, ಬಾಣಂತಿ ಇದ್ದಳೆಂದು ಒಬ್ಬಳು, ಹೋದ ವರ್ಷ ಸೀರೆ ಉಡಿಸಿದ್ದರೆಂದು ಇನ್ನೊಬ್ಬಳು. ಮೂವತ್ತೆರಡು ಊರಿನಲ್ಲಿ ಮೂವತ್ತೊಂದು! ಉಳಿದವನೊಬ್ಬ ನಿಜ ಹೇಳುವವನೆಂದಲ್ಲ, ಅವನಿಗೆ ಆ ಮನೆಯ ಊಟ ಸೇರುತ್ತಿರಲಿಲ್ಲವಂತೆ.

ಮಾರನೆಯ ದಿನದಿಂದ ಪ್ರತಿ ಬಾವಿಯನ್ನೂ ಇಬ್ಬಿಬ್ಬರು ಸೇರಿ ಅಳೆದೆವು, ಊರಿನವರೊಬ್ಬರು, ನೆಂಟರೊಬ್ಬರು, ಗಂಟಿಗೊಂದು ಸಲ ಇಬ್ಬರೂ ಜೋರಾಗಿ ಎಣಿಸುತ್ತ. ಇಡೀ ಕಣಿವೆಯಲ್ಲಿ ಒಂದು ಮೊಳ ನೀರು ಹೆಚ್ಚಿತ್ತು. ನೀವೇ ಯೋಚಿಸಿ, ಎಪ್ಪತ್ತು ಕಿಲೋಮೀಟರು ಉದ್ದದ ನೆಲದಡಿಯಲ್ಲಿ ಒಂದು ಮೊಳ! ನಾವು ಬಡವರೆಂದು ತಿಳಿದು ಹನ್ನೊಂದು ವರ್ಷ ಅರೆಹೊಟ್ಟೆ ಉಂಡಿದ್ದೆವು, ಕಣಜ ಕಾಲಡಿಯಲ್ಲೇ ಇತ್ತು. ಮಾರ್ಗಶಿರ ಷಷ್ಠಿಯ ಬೆಳಿಗ್ಗೆ ಇಪ್ಪತ್ತಾರು ಕೆರೆಗಳ ತೂಬುಗಳನ್ನು ಒಟ್ಟಿಗೆ ತೆಗೆದೆವು.

ಆದರೆ ಮರಳು ಇದೆಯಲ್ಲ, ಅದು ಮೊದಲು ತಾನು ಕುಡಿಯುತ್ತದೆ. ಹನ್ನೊಂದು ವರ್ಷದ ಬಾಯಾರಿಕೆ ಅದಕ್ಕೆ. ನೀರಿನ ನಾಲಗೆ ಒಂದು ಊರಿನಿಂದ ಇನ್ನೊಂದು ಊರಿಗೆ ತೆವಳುತ್ತ ಹೋಗುತ್ತಿದೆ, ಕೆಲವು ಕಡೆ ಅರ್ಧ ದಿನ ನಿಂತೇಬಿಡುತ್ತದೆ. ಒಂದು ಊರನ್ನು ದಾಟಿದೊಡನೆ ಅಲ್ಲಿಯವರು ತಮಟೆ ಹೊಡೆಯುತ್ತಾರೆ, ಎಷ್ಟನೆಯ ಊರೋ ಅಷ್ಟು ಏಟು. ಮೇಲಿನ ಊರು ಕೇಳಿಸಿಕೊಂಡು ಅಷ್ಟೇ ಏಟು ಹೊಡೆಯುತ್ತದೆ. ಹಾಗೆ ಸುದ್ದಿ ಹೊಳೆಗೆ ಎದುರಾಗಿ ಹತ್ತಿ ಬಂದು ನಮ್ಮೂರನ್ನು ಮುಟ್ಟುತ್ತದೆ. ನಿನ್ನೆ ಸಂಜೆ ಇಪ್ಪತ್ತೊಂಬತ್ತು ಏಟು ಬಂತು. ಇವತ್ತು ಬೆಳಿಗ್ಗೆ ಮೂವತ್ತು. ಆಮೇಲೆ ಸದ್ದಿಲ್ಲ. ಕದಿರಪ್ಪ ಇನ್ನೂ ನಮ್ಮ ಜಗಲಿಯಲ್ಲೇ ಇದ್ದಾನೆ, ಕಾಲು ವಾಸಿಯಾಗಿದ್ದರೂ ಊರಿಗೆ ಹೋಗುವ ಧೈರ್ಯವಿಲ್ಲ. ಮುಂದೆ ಇಟ್ಟ ಮುದ್ದೆ ಹಾಗೆಯೇ ಆರಿದೆ. ಹನ್ನೊಂದು ವರ್ಷದಲ್ಲಿ ಇದು ಮೊದಲ ಸಲ. ನಾನೂ ಧೈರ್ಯ ಹೇಳಲು ಹೋಗಿಲ್ಲ, ನನ್ನ ಬಳಿಯೇ ಇಲ್ಲ. ಹೊತ್ತು ಇಳಿಯುತ್ತಿದೆ. ಈಗ ಮೂವತ್ತೊಂದಾದರೂ ಬರಬೇಕಿತ್ತು

ಕ್ಷಮಿಸಿ, ವಾಕ್ಯ ಮುಗಿಸದೆ ಪೆನ್ನು ಬಿಸಾಕಿ ಓಡಿದ್ದೆ. ಮೂವತ್ತೊಂದು ಬರಲೇ ಇಲ್ಲ. ನೇರವಾಗಿ ಮೂವತ್ತೆರಡು ಬಂತು! ಮೂವತ್ತೊಂದನೆಯ ಊರಿನವರು ನೀರು ನೋಡಿ ಮೈಮರೆತು, ತಮಟೆ ಹೊಡೆಯುವುದನ್ನೇ ಬಿಟ್ಟು ಅದರ ಜೊತೆ ಕೆಳಕ್ಕೆ ನಡೆದುಬಿಟ್ಟಿರಬೇಕು, ಕಲ್ಲುಮರಡಿಯ ತಮಟೆ ಮೂವತ್ತನೆಯ ಊರಿಗೇ ಕೇಳಿಸಿರಬೇಕು. ಬೀದಿಯಲ್ಲಿ ನಿಂತು ಊರೆಲ್ಲ ಒಟ್ಟಾಗಿ ಎಣಿಸಿದೆವು. ಮೂವತ್ತು, ಮೂವತ್ತೊಂದು, ಮೂವತ್ತೆರಡು. ಕದಿರಪ್ಪ ಜಗಲಿಯಿಂದ ಧುಮುಕಿ ನನ್ನ ಕಾಲಿಗೆ ಬಿದ್ದ. ಎಬ್ಬಿಸಿ ಬೆನ್ನಿಗೊಂದು ಗುದ್ದಿದೆ. ಇಬ್ಬರೂ ಅತ್ತೆವು, ಈ ಸಲ ಸಂತೋಷಕ್ಕೆ. ಕಲ್ಲುಮರಡಿಯವರು ಕೂಟ ಬಿಡುವುದಿಲ್ಲ. ನಾಳೆ ಯಾರೂ ನೆಲಕ್ಕೆ ಕೊಳವೆ ಇಳಿಸುವುದಿಲ್ಲ.

ಇನ್ನೂ ಇದೆ, ಕೇಳಿ. ಒಳಗೆ ಬಂದು ಮೇಲಿನ ಸಾಲು ಬರೆಯುತ್ತಿದ್ದಂತೆಯೇ ತಮಟೆ ಮತ್ತೆ ಶುರುವಾಯಿತು. ಖುಷಿಗೆ ಮತ್ತೊಮ್ಮೆ ಹೊಡೆಯುತ್ತಿದ್ದಾರೆ ಎಂದುಕೊಂಡು ಸುಮ್ಮನೆ ಎಣಿಸಿದೆ. ಮೂವತ್ತೆರಡು ಆಯಿತು. ನಿಲ್ಲಲಿಲ್ಲ. ಇನ್ನೊಂದು ಏಟು ಬಿತ್ತು. ಮೂವತ್ತಮೂರು. ಮೂವತ್ತಮೂರನೆಯ ಊರು ಈ ಕಣಿವೆಯಲ್ಲಿ ಇಲ್ಲ. ಮೊದಲು ಹೊಳೆದದ್ದು ಕದಿರಪ್ಪನಿಗೆ. "ಅಕ್ಕಾ, ಪಿನಾಕಿನಿ! ನಮ್ಮೋರು ತಡೀನಿಲ್ಲ, ಮುಂದಕ್ಕೆ ಬಿಟ್ಟವ್ರೆ!" ಎಂದು ಕೂಗಿದ. ಹನ್ನೊಂದು ವರ್ಷ ಕಾದ ಊರು ತನ್ನ ಪಾಲು ತುಂಬಿಕೊಂಡು, ಮಿಕ್ಕದ್ದನ್ನು ಹಿಡಿದಿಡದೆ ಸಂಗಮಕ್ಕೆ ಬಿಟ್ಟಿದೆ. ಕೂಟ ಹುಟ್ಟಿದ ಮೇಲೆ ನಮ್ಮ ಜಯಮಂಗಲಿ ಪಿನಾಕಿನಿಯನ್ನು ಮುಟ್ಟಿದ್ದು ಇದೇ ಮೊದಲು. ಹೊರಗೆ ಕುಣಿಯುತ್ತಿದ್ದಾರೆ, ನಾನೂ ಹೋಗಬೇಕು, ಬೇಗ ಮುಗಿಸುತ್ತೇನೆ.

ಹಿರಿಯರೇ, ನೀವು ಪಕ್ಕದವನ ಮೇಲೆ ಹಟಕ್ಕೆ ಬಿದ್ದು ನೂರು ಅಡಿ ಹೆಚ್ಚು ಕೊರೆದಿರಿ. ನಾವು ಪಕ್ಕದವರ ಮೇಲಿನ ಪ್ರೀತಿಗೆ ಒಂದು ಗಂಟು ಕಡಿಮೆ ಹೇಳಿದೆವು. ನಿಮ್ಮದು ಜಗಳ, ನಮ್ಮದು ಸ್ನೇಹ, ಆದರೆ ನೆಲದಡಿಯಲ್ಲಿ ಎಷ್ಟು ನೀರಿದೆಯೆಂದು ನಿಮಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅದಕ್ಕೇ ನಾನು ಬೈಯಲು ಕೂತಿಲ್ಲ ಎಂದದ್ದು. ನಿಮ್ಮಲ್ಲಿ ಒಂದು ಬೇಡಿಕೆ ಮಾತ್ರ ಇದೆ. ನಮ್ಮ ಬಳಿ ತೊಂಬತ್ತೆರಡು ವರ್ಷದ ಹಗ್ಗಗಳಿವೆ, ಎಲ್ಲಿಯವರೆಗೆ ನೆನೆದಿತ್ತೋ ಅಲ್ಲಿ ಕೆಂಪು ದಾರ ಕಟ್ಟಿಟ್ಟಿದ್ದೇವೆ. ನಿಮ್ಮ ಕಾಲದ್ದು ಒಂದೂ ಇಲ್ಲ. ನಾವು ಎಲ್ಲಿಂದ ಹತ್ತಿ ಬಂದೆವೆಂದು ನಮಗೆ ಗೊತ್ತಿಲ್ಲ. ನಿಮ್ಮೂರಿನ ಒಂದು ತೆರೆದ ಬಾವಿ ಹುಡುಕಿ. ಕಸವಿದ್ದರೆ ಮೊದಲು ಅದನ್ನು ತೆಗೆಯಿರಿ. ಒಬ್ಬರೇ ಹೋಗಬೇಡಿ, ಪಕ್ಕದ ಹೊಲದವರನ್ನು ಕರೆದುಕೊಂಡು ಹೋಗಿ, ಮಾತು ಬಿಟ್ಟಿದ್ದರೂ ಕರೆಯಿರಿ. ಹಗ್ಗ ಬಿಡಿ, ಇಬ್ಬರೂ ಎಣಿಸಿ, ಆ ಹಗ್ಗವನ್ನು ಏಳನೆಯ ಮೆಟ್ಟಿಲಿನ ಎಡಗಡೆಯ ಗೂಡಿನಲ್ಲಿ ನಮಗಾಗಿ ಇಡಿ.

ನಮ್ಮನ್ನು ಮೆಚ್ಚಿಸಲು ಒಂದು ಗಂಟೂ ಹೆಚ್ಚು ಹೇಳಬೇಡಿ, ನಮ್ಮ ಮೇಲಿನ ಕರುಣೆಗೆ ಒಂದು ಗಂಟೂ ಕಡಿಮೆ ಹೇಳಬೇಡಿ. ಒಂದು ಗಂಟೂ ನೆನೆಯದಿದ್ದರೆ ಒಣ ಹಗ್ಗವನ್ನೇ ಇಡಿ, ನಾವು ಬೇಸರ ಮಾಡಿಕೊಳ್ಳುವುದಿಲ್ಲ. ನಾಳೆ ಬೆಳಿಗ್ಗೆ ಕದಿರಪ್ಪನೂ ನಾನೂ ಬಾವಿಗೆ ಇಳಿಯುತ್ತೇವೆ. ಈ ಓಲೆಯನ್ನು ಇಡುವ ಮೊದಲು ಗೂಡಿನೊಳಗೆ ಕೈ ಹಾಕಿ ತಡಕುತ್ತೇನೆ.

ನಿಮ್ಮ ಕುಲದವಳು,
ಮುದ್ದೀರಮ್ಮ